ಎಲ್ಲರೂ ಸೇರಿ ಕಾನೂನು ಮಾಡೋಣ ಸರಿ, ಆ ‘ಎಲ್ಲರೂ’ ಅಂದ್ರೆ ಯಾರು?

 

ಒಂದು ಸಣ್ಣ ವಿಷಯದಿಂದ ಶುರು ಮಾಡ್ತೀನಿ. ನಮ್ಮ ಕಾಲೇಜು ಗೆಳೆಯರ ವಾಟ್ಸ್‌ಆ್ಯಪ್ ಗ್ರೂಪಲ್ಲಿ 40 ಜನ ಇದ್ದೀವಿ. ಒಂದ್ಸಲ ಟ್ರಿಪ್ ಎಲ್ಲಿಗೆ ಅಂತ ಪೋಲ್ ಹಾಕಿದ್ವಿ. ವೋಟ್ ಮಾಡಿದ್ದು 9 ಜನ. ಅದರಲ್ಲಿ 5 ಜನ ಆರಿಸಿದ ಜಾಗ ಗೆದ್ದಿತು. ಹೊರಡೋ ದಿನ ಹತ್ತಿರ ಬಂದಾಗ, ವೋಟೇ ಮಾಡದವರು ಒಬ್ಬೊಬ್ಬರಾಗಿ ಕೇಳೋಕೆ ಶುರು ಮಾಡಿದರು: ‘ಇದನ್ನ ಡಿಸೈಡ್ ಮಾಡಿದ್ದು ಯಾರು?’

ಟ್ರಿಪ್ ವಿಷಯ ಆದ್ರೆ ನಕ್ಕು ಸುಮ್ಮನಾಗಬಹುದು. ಆದರೆ ಅದು ಕಾನೂನಿನ ವಿಷಯ ಆಗಿದ್ರೆ? ನೀವು ಯಾರನ್ನ ಮದುವೆಯಾದ್ರೆ ಹುಟ್ಟಿದ ಊರಲ್ಲಿ ಉಳೀಬಹುದು, ಯಾರನ್ನ ಮದುವೆಯಾದ್ರೆ ಊರು ಬಿಡಬೇಕು ಅಂತ ಹೇಳೋ ಕಾನೂನು ಆಗಿದ್ರೆ? ಅದನ್ನ ಯಾರು ತೀರ್ಮಾನ ಮಾಡಬೇಕು? ಎಷ್ಟು ಜನ ಕೂತು ತೀರ್ಮಾನ ಮಾಡಿದ್ರೆ ಅದು ನ್ಯಾಯ?

ಇವತ್ತು ಇದೇ ಪ್ರಶ್ನೆಯನ್ನ ದಶಕಗಳಿಂದ ಎದುರಿಸ್ತಾ ಇರೋ ಒಂದು ಊರಿನ ಕಥೆ ಹೇಳ್ತೀನಿ. ಮೊದಲೇ ಹೇಳಿಬಿಡ್ತೀನಿ, ನಾನು ಆ ಊರಿಗೆ ಹೋದವನಲ್ಲ. ಓದಿ ತಿಳಿದದ್ದು. ಆದರೆ ಓದ್ತಾ ಓದ್ತಾ ನನ್ನ ಅಭಿಪ್ರಾಯ ಎರಡು ಸಲ ಬದಲಾಯ್ತು. ಅದಕ್ಕೇ ನಿಮ್ಮ ಜೊತೆ ಹಂಚಿಕೊಳ್ಳಬೇಕು ಅನಿಸಿತು.

ಊರು ಕೆನಡಾದಲ್ಲಿದೆ. ಕ್ವೆಬೆಕ್ ಪ್ರಾಂತ್ಯದ ಮಾಂಟ್ರಿಯಲ್ ಮಹಾನಗರದ ಎದುರು, ಸೇಂಟ್ ಲಾರೆನ್ಸ್ ನದಿಯ ದಕ್ಷಿಣ ದಡದಲ್ಲಿ. ಬರೆಯೋದು ‘ಕಾನವಾಕೆ’ ಅಂತ. ಅಲ್ಲಿನವರ ಬಾಯಲ್ಲಿ ಅದು ಹೆಚ್ಚುಕಡಿಮೆ ‘ಗಾನವಾಗೆ’ ಅಂತ ಕೇಳಿಸುತ್ತೆ. ನದಿ ರಭಸವಾಗಿ ಹರಿಯೋ ಜಾಗ ಅಂತ ಅರ್ಥ. ಸುಮಾರು 8 ಸಾವಿರ ಜನ ವಾಸವಾಗಿದ್ದಾರೆ. ಇದು ಮೋಹಾಕ್ ಜನರ ಊರು. ಮೋಹಾಕ್ ಅನ್ನೋದು ಹೊರಗಿನವರು ಇಟ್ಟ ಹೆಸರು. ಅವರು ತಮ್ಮನ್ನ ಕರ್ಕೊಳ್ಳೋದು ‘ಕನ್ಯೆನ್‌ಕೆಹಾಕ’ ಅಂತ, ಅಂದ್ರೆ ಚಕಮಕಿ ಕಲ್ಲಿನ ಜನ. ಈ ಊರಿನ ಗಂಡಸರು ಅಮೆರಿಕ, ಕೆನಡಾದಲ್ಲೆಲ್ಲ ಎತ್ತರದ ಸೇತುವೆ, ಗಗನಚುಂಬಿ ಕಟ್ಟಡಗಳ ಉಕ್ಕಿನ ಕೆಲಸಕ್ಕೆ ಹೆಸರಾದವರು. 1907ರಲ್ಲಿ ಕಟ್ಟುತ್ತಿದ್ದ ಕ್ವೆಬೆಕ್ ಸೇತುವೆ ಕುಸಿದು 75 ಕೆಲಸಗಾರರು ಸತ್ತರು. ಅವರಲ್ಲಿ 33 ಜನ ಈ ಒಂದೇ ಊರಿನವರು. ಒಂದೇ ದಿನ, ಒಂದೇ ಊರಿಗೆ 33 ಸಾವು. ಎಲ್ಲರೂ ಎಲ್ಲರಿಗೂ ಬೇಕಾದವರಾಗಿರೋ ಊರು ಅಂದ್ರೆ ಎಂಥದ್ದು ಅಂತ ಇದರಿಂದಲೇ ಗೊತ್ತಾಗುತ್ತೆ.

ಈಗ ಹಳೇ ಕಾಲಕ್ಕೆ ಹೋಗೋಣ. ಮೋಹಾಕರು ಹೋಡೆನೊಶೋನಿ ಅನ್ನೋ ಒಕ್ಕೂಟದವರು. ಹೆಸರಿನ ಅರ್ಥ ಉದ್ದಮನೆಯ ಜನ. ಮೊದಲು ಐದು ರಾಷ್ಟ್ರಗಳ ಒಕ್ಕೂಟ, ಆಮೇಲೆ 18ನೇ ಶತಮಾನದಲ್ಲಿ ಆರನೆಯದೂ ಸೇರಿತು. ಅವರ ಆಡಳಿತಕ್ಕೆ ಒಂದು ಮೂಲ ಕಟ್ಟಳೆ ಇದೆ. ಅದರ ಹೆಸರು ಕಾಯನೆರೆಕೋವಾ, ಶಾಂತಿಯ ಮಹಾಕಟ್ಟಳೆ. ಯುರೋಪಿನವರು ಕಾಲಿಡೋಕೆ ಮುಂಚಿನಿಂದಲೂ ಬಂದದ್ದು ಅಂತ ಅವರು ಹೇಳ್ತಾರೆ.

ಮೋಹಾಕರಲ್ಲಿ ಮೂರು ಕುಲಗಳು: ಕರಡಿ, ತೋಳ, ಆಮೆ. ಮಗುವಿಗೆ ಕುಲ ಬರೋದು ತಾಯಿಯಿಂದ. ನಮ್ಮ ಕರಾವಳಿಯ ಕೇಳುಗರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಬಳಿ, ಅಳಿಯಕಟ್ಟು ಅಂತ ಅಜ್ಜಿಯಂದಿರ ಬಾಯಲ್ಲಿ ಕೇಳಿರ್ತೀರಿ. ಇಲ್ಲಿ ಅದಕ್ಕಿಂತ ಒಂದು ಹೆಜ್ಜೆ ಮುಂದೆ. ಮುಖಂಡ ಯಾರಾಗಬೇಕು ಅಂತ ಆರಿಸೋದು ಕುಲದ ಹಿರಿಯ ತಾಯಿ. ಅವನು ದಾರಿ ತಪ್ಪಿದ್ರೆ ಕೆಳಗಿಳಿಸೋ ಅಧಿಕಾರವೂ ಅವಳದ್ದೇ.

ಇನ್ನು ತೀರ್ಮಾನ ಮಾಡೋ ರೀತಿ. ಕೈ ಎತ್ತಿಸಿ ಲೆಕ್ಕ ಹಾಕೋ ಪದ್ಧತಿ ಅಲ್ಲ ಅದು. ಒಂದು ವಿಷಯವನ್ನ ಒಂದು ಗುಂಪು ಚರ್ಚಿಸಿ ಇನ್ನೊಂದು ಗುಂಪಿಗೆ ದಾಟಿಸುತ್ತೆ, ಅವರು ನೋಡಿ ಮತ್ತೆ ವಾಪಸ್ ಕಳಿಸ್ತಾರೆ. ‘ಒಂದೇ ಮನಸ್ಸು’ ಆಗೋ ತನಕ ಇದು ನಡೀತಾನೇ ಇರುತ್ತೆ. ಸಭೆ ಶುರುವಾಗೋದೇ ಭೂಮಿ, ನೀರು, ಗಿಡಮರ, ಪ್ರಾಣಿಪಕ್ಷಿಗಳಿಗೆ ಸಲ್ಲಿಸೋ ಕೃತಜ್ಞತೆಯಿಂದ. ಅದರ ಒಂದೊಂದು ಭಾಗ ಮುಗಿದಾಗಲೂ ‘ನಮ್ಮ ಮನಸ್ಸುಗಳು ಒಂದಾದವು’ ಅನ್ನೋ ಭಾವದ ಮಾತು ಬರುತ್ತೆ. ಜಗಳದ ವಿಷಯಕ್ಕೆ ಬರೋಕೆ ಮುಂಚೆಯೇ ಎಲ್ಲರೂ ಒಪ್ಪೋ ವಿಷಯಗಳನ್ನ ಹೇಳಿಕೊಂಡು ಬರ್ತಾರೆ. ಇದನ್ನ ಓದಿದಾಗ ನನಗೆ ಬಹಳ ಹಿಡಿಸ್ತು.

ಆಮೇಲೆ 1876ರಲ್ಲಿ ಕೆನಡಾ ಸರ್ಕಾರ ಇಂಡಿಯನ್ ಕಾಯ್ದೆ ತಂತು. ಇಲ್ಲಿ ‘ಇಂಡಿಯನ್’ ಅಂದ್ರೆ ನಾವಲ್ಲ, ಅಲ್ಲಿನ ಮೂಲನಿವಾಸಿಗಳು. ಯಾರು ಮೂಲನಿವಾಸಿ, ಯಾರು ಅಲ್ಲ, ಅವರ ಊರನ್ನ ಹೇಗೆ ನಡೆಸಬೇಕು, ಎಲ್ಲವನ್ನೂ ಒಟ್ಟಾವಾದಲ್ಲಿ ಕೂತವರು ಬರೆದರು. 1889ರಲ್ಲಿ ಕಾನವಾಕೆಯಲ್ಲಿ ಹಳೇ ಮುಖಂಡರ ಜಾಗಕ್ಕೆ ಚುನಾವಣೆಯ ಕೌನ್ಸಿಲ್ ಬಂತು. ಆಗಿನ ನಿಯಮದ ಪ್ರಕಾರ ಆ ಚುನಾವಣೆಯಲ್ಲಿ ಹೆಂಗಸರಿಗೆ ವೋಟೇ ಇಲ್ಲ. ಮುಖಂಡನನ್ನ ಆರಿಸ್ತಿದ್ದ ಕುಲತಾಯಿಗೆ ಈಗ ಒಂದು ವೋಟೂ ಇಲ್ಲ!

ಇನ್ನೂ ದೊಡ್ಡ ಏಟು ಬಿದ್ದಿದ್ದು ಮದುವೆಯ ವಿಷಯದಲ್ಲಿ. ಮೋಹಾಕ್ ಹೆಣ್ಣುಮಗಳು ಹೊರಗಿನವನನ್ನ ಮದುವೆಯಾದ್ರೆ ಅವಳ ‘ಇಂಡಿಯನ್’ ಸ್ಥಾನಮಾನ ಹೋಯ್ತು. ಮಕ್ಕಳದ್ದೂ ಹೋಯ್ತು. ಊರಲ್ಲಿ ಆಸ್ತಿ ಇಲ್ಲ, ವಾಸದ ಹಕ್ಕಿಲ್ಲ. ಆದರೆ ಮೋಹಾಕ್ ಗಂಡಸು ಬಿಳಿ ಹೆಂಗಸನ್ನ ಮದುವೆಯಾದ್ರೆ? ಅವನ ಸ್ಥಾನಮಾನ ಉಳೀತು, ಅವಳಿಗೂ ಸಿಕ್ತು. ತಾಯಿಯಿಂದ ಕುಲ ಬರೋ ಸಮಾಜವನ್ನ ತಲೆಕೆಳಗು ಮಾಡಿ ನಿಲ್ಲಿಸೋದು ಅಂದ್ರೆ ಇದೇ.

ಈ ಕಾನೂನಿನ ವಿರುದ್ಧ ನಿಂತವರಲ್ಲಿ ಕಾನವಾಕೆಯ ಮೇರಿ ಟೂ-ಆ್ಯಕ್ಸ್ ಅರ್ಲಿ ಮುಖ್ಯರು. 1911ರಲ್ಲಿ ಹುಟ್ಟಿದವರು. ನ್ಯೂಯಾರ್ಕಿನ ಬ್ರೂಕ್ಲಿನ್‌ಗೆ ಹೋಗಿ ಹೊರಗಿನವರೊಬ್ಬರನ್ನ ಮದುವೆಯಾದರು, ಸ್ಥಾನಮಾನ ಕಳ್ಕೊಂಡರು. ತನ್ನಂತೆಯೇ ಸ್ಥಾನಮಾನ ಕಳ್ಕೊಂಡಿದ್ದ ಗೆಳತಿಯೊಬ್ಬರು 1966ರಲ್ಲಿ ತೀರಿಕೊಂಡಾಗ, ಆ ಕೊರಗೇ ಅವಳನ್ನ ಕೊಂದಿತು ಅಂತ ಇವರು ನಂಬಿದರು. ಅಲ್ಲಿಂದ ಹೋರಾಟ ಶುರು. 1975ರಲ್ಲಿ ಮೆಕ್ಸಿಕೋದಲ್ಲಿ ಅಂತರರಾಷ್ಟ್ರೀಯ ಮಹಿಳಾ ಸಮ್ಮೇಳನದಲ್ಲಿದ್ದಾಗಲೇ, ಊರಿನ ಮನೆ ಖಾಲಿ ಮಾಡಿ ಅನ್ನೋ ನೋಟಿಸ್ ಬಂದ ಸುದ್ದಿ ಅವರಿಗೆ ತಲುಪ್ತು. 1983ರಲ್ಲಿ ಕೆನಡಾದ ಸಂವಿಧಾನದ ಬಗ್ಗೆ ಮೂಲನಿವಾಸಿ ನಾಯಕರ ಜೊತೆ ದೊಡ್ಡ ಸಮಾವೇಶ ನಡೀತು. ಅಲ್ಲಿ ಮೇರಿಯವರಿಗೆ ಮಾತಾಡೋಕೆ ಜಾಗ ಇರಲಿಲ್ಲ. ಆಗ ಕ್ವೆಬೆಕ್ ಪ್ರಾಂತ್ಯದ ಮುಖ್ಯಸ್ಥ ರೆನೆ ಲೆವೆಕ್ ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟರು. ಆ ಕುರ್ಚಿಯಲ್ಲಿ ಕೂತು ಅವರು ಮಾತಾಡಿದರು. 1985ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಸ್ಥಾನಮಾನ ಮರಳಿ ಪಡೆದ ಮೊದಲ ಮಹಿಳೆ ಮೇರಿ. ಆಗ ಅವರಿಗೆ 73 ವರ್ಷ.

ಈ ಕುರ್ಚಿಯನ್ನ ನೆನಪಲ್ಲಿಟ್ಟುಕೊಳ್ಳಿ. ಮತ್ತೆ ಬರ್ತೀನಿ.

ಈಗ ಊರಿನ ಒಳಗಿನ ಇನ್ನೊಂದು ತೊಡಕು. ಕಾನವಾಕೆಯಲ್ಲಿ ಚುನಾಯಿತ ಮೋಹಾಕ್ ಕೌನ್ಸಿಲ್ ಇದೆ. ಅದರ ಜೊತೆಗೇ ಉದ್ದಮನೆಯ ಸಂಪ್ರದಾಯವೂ ಜೀವಂತವಾಗಿದೆ. ಉದ್ದಮನೆಯ ಹಲವರು ಕೌನ್ಸಿಲ್ ಚುನಾವಣೆಗೆ ವೋಟ್ ಹಾಕೋದೇ ಇಲ್ಲ. ಸೋಮಾರಿತನ ಅಲ್ಲ, ಅದು ಅವರ ನಿಲುವು. ಈ ಕೌನ್ಸಿಲ್ ಹೊರಗಿನವರು ನಮ್ಮ ಮೇಲೆ ಹೇರಿದ್ದು, ಅದಕ್ಕೆ ವೋಟ್ ಹಾಕಿದ್ರೆ ಅದನ್ನ ಒಪ್ಪಿಕೊಂಡ ಹಾಗೆ ಅಂತ. ಹಾಗಾದ್ರೆ ಇಂಥ ಊರಲ್ಲಿ ಕೌನ್ಸಿಲ್ ಒಂದು ಕಾನೂನು ಪಾಸ್ ಮಾಡಿದ್ರೆ ಅದು ಯಾರ ಕಾನೂನು? 1979ರಲ್ಲೇ ಸಮುದಾಯ ಕೌನ್ಸಿಲ್‌ಗೆ ಹೇಳಿತ್ತು, ಸಂಪ್ರದಾಯದ ಆಡಳಿತದ ಕಡೆಗೆ ಹೆಜ್ಜೆ ಇಡಿ ಅಂತ.

ಆ ದಾರಿಯಲ್ಲಿ, 2000ರ ನಂತರ ರೂಪುಗೊಂಡದ್ದೇ ‘ಸಮುದಾಯ ತೀರ್ಮಾನ ಪದ್ಧತಿ’. ಇದು ಕೊನೆಯ ಉತ್ತರ ಅಂತ ಅವರೂ ಹೇಳಲ್ಲ. ಇಂಡಿಯನ್ ಕಾಯ್ದೆಯ ದಡದಿಂದ ತಮ್ಮದೇ ಆಡಳಿತದ ದಡಕ್ಕೆ ದಾಟೋ ಹೊತ್ತಿನ ವ್ಯವಸ್ಥೆ ಅಷ್ಟೇ ಅಂತಾರೆ.

ಇದು ಕೆಲಸ ಮಾಡೋದು ಹೀಗೆ. ಒಂದು ವಿಷಯಕ್ಕೆ ಕಾನೂನು ಬೇಕು, ಅಥವಾ ಇರೋದನ್ನ ತಿದ್ದಬೇಕು ಅನ್ನೋ ಕೋರಿಕೆ ಬರುತ್ತೆ. ಅದು ಇಡೀ ಸಮುದಾಯಕ್ಕೆ ತಟ್ಟೋದಾ, ಇಲ್ಲ ಆಡಳಿತದ ಸಣ್ಣ ತಿದ್ದುಪಡಿಯಾ ಅಂತ ಮೊದಲು ವಿಂಗಡಣೆ. ಇಡೀ ಸಮುದಾಯಕ್ಕೆ ತಟ್ಟೋದಾದ್ರೆ ಜನರ ಮುಂದೆ ಸಭೆ ಆಗಲೇಬೇಕು. ಮೊದಲ ಹಂತದಲ್ಲಿ ಕೇಳೋ ಪ್ರಶ್ನೆ: ಈ ಕಾನೂನು ಯಾಕೆ ಬೇಕು, ಅದರ ಉದ್ದೇಶ ಏನು? ಅದರ ಮೇಲೆ ಒಮ್ಮತ ಆದಮೇಲೆ ಕರಡು ಬರೆಯೋ ಕೆಲಸ. ಕರಡು ಮತ್ತೆ ಜನರ ಮುಂದೆ ಬರುತ್ತೆ. ಆಗ ಒಂದೊಂದು ಅಂಶವನ್ನೂ ಓದಿ ಚರ್ಚೆ. ಕೊನೆಗೆ ಕೌನ್ಸಿಲ್ ಅದನ್ನ ಜಾರಿ ಮಾಡುತ್ತೆ.

ಇಲ್ಲಿ ಗಮನಿಸಬೇಕಾದ್ದು ಕ್ರಮ. ಸಾಮಾನ್ಯವಾಗಿ ಸರ್ಕಾರಗಳು ಕರಡು ಬರೆದಿಟ್ಟು, ‘ಆಕ್ಷೇಪಣೆ ಇದ್ರೆ ಸಲ್ಲಿಸಿ’ ಅಂತ ಕೇಳುತ್ವೆ. ಅಡುಗೆ ಮಾಡಿ ಮುಗಿಸಿ ಉಪ್ಪು ಸರಿಯಿದ್ಯಾ ಅಂತ ಕೇಳಿದ ಹಾಗೆ. ಇಲ್ಲಿ ಏನಡುಗೆ ಮಾಡೋಣ ಅಂತಲೇ ಮೊದಲು ಕೇಳ್ತಾರೆ.

ಎರಡನೇದು ಒಮ್ಮತ. ಒಮ್ಮತ ಅಂದ್ರೆ ಎಲ್ಲರೂ ಖುಷಿಯಿಂದ ಚಪ್ಪಾಳೆ ತಟ್ಟೋದು ಅಲ್ಲ. ‘ನನಗೆ ಇದು ಪೂರ್ತಿ ಹಿಡಿಸಿಲ್ಲ, ಆದರೆ ನನ್ನ ಮಾತನ್ನ ನೀವು ಕೇಳಿದ್ರಿ, ಕಾರಣ ಹೇಳಿದ್ರಿ, ಇದರ ಜೊತೆ ನಾನು ಬಾಳಬಲ್ಲೆ’ ಅನ್ನೋ ಮಟ್ಟಕ್ಕೆ ಬರೋದು. 51 ವೋಟಿಂದ ಗೆದ್ದ ಕಾನೂನಿನಲ್ಲಿ ಸೋತ 49 ಜನ ಎಲ್ಲಿಗೂ ಹೋಗಲ್ಲ. ಅದೇ ಬೀದಿಯಲ್ಲಿ, ಪಕ್ಕದ ಮನೆಯಲ್ಲೇ ಇರ್ತಾರೆ. 8 ಸಾವಿರ ಜನರ ಊರಲ್ಲಿ ಅವರ ಮುಖ ದಿನಾ ನೋಡಬೇಕು.

ಇಲ್ಲಿಯವರೆಗೆ ಓದಿದಾಗ ನನಗೆ ಅನಿಸಿದ್ದು, ‘ಅರೆ, ಎಷ್ಟು ಚೆನ್ನಾಗಿದೆ! ಎಲ್ಲರೂ ಹೀಗೇ ಮಾಡಬಹುದಲ್ವಾ?’ ಅಂತ. ಆಮೇಲೆ ಸದಸ್ಯತ್ವ ಕಾನೂನಿನ ಕಥೆ ಓದಿದೆ.

ನೋಡಿ, ಸರ್ಕಾರದ ಕಾಯ್ದೆ ಹೆಂಗಸರನ್ನ ಹೊರಗಿಟ್ಟಿತ್ತು ಅಂದ್ನಲ್ಲ. ಆದರೆ 1981ರಲ್ಲಿ ಕಾನವಾಕೆಯ ಕೌನ್ಸಿಲ್ ತಾನೇ ಒಂದು ನಿಯಮ ತಂತು: ಇನ್ನು ಮುಂದೆ ಗಂಡಾಗಲಿ ಹೆಣ್ಣಾಗಲಿ, ಮೂಲನಿವಾಸಿ ಅಲ್ಲದವರನ್ನ ಮದುವೆಯಾದ್ರೆ ಊರಲ್ಲಿ ವಾಸದ ಹಕ್ಕಿಲ್ಲ. ‘ಹೊರಗೆ ಮದುವೆಯಾದ್ರೆ ಹೊರಗೇ ಇರು’ ಅಂತ ಜನ ಅದಕ್ಕೆ ಹೆಸರಿಟ್ಟರು. 1984ರಲ್ಲಿ ರಕ್ತಸಂಬಂಧದ ಶೇಕಡಾ ಲೆಕ್ಕ ಬಂತು. 2003ರ ಕಾನೂನಿನಲ್ಲಿ ಮುತ್ತಜ್ಜ ಮುತ್ತಜ್ಜಿಯರ ಲೆಕ್ಕ: ಎಂಟು ಜನರಲ್ಲಿ ಕನಿಷ್ಠ ನಾಲ್ವರು ತಮ್ಮವರಾಗಿರಬೇಕು. 2010ರಲ್ಲಿ ಊರಲ್ಲಿ ವಾಸವಾಗಿದ್ದ 25ರ ಆಸುಪಾಸು ಹೊರಗಿನವರಿಗೆ ಊರು ಬಿಡಿ ಅಂತ ಪತ್ರಗಳು ಹೋದವು. ಅವರಲ್ಲಿ ಸಂಸಾರ ಮಾಡಿಕೊಂಡು ಇದ್ದವರೂ ಇದ್ದರು.

ಕೇಳಿದ ತಕ್ಷಣ ಸಿಟ್ಟು ಬರುತ್ತೆ ಅಲ್ವಾ? ನನಗೂ ಬಂತು. ಪ್ರೀತಿಸಿ ಮದುವೆಯಾದ್ರೆ ಅಮ್ಮನ ಮನೆಯಲ್ಲಿ ಇರೋ ಹಾಗಿಲ್ಲ ಅಂದ್ರೆ ಏನರ್ಥ? ಊರಿನ ಕೆಲವರು ಕೋರ್ಟಿಗೆ ಹೋದರು. 2018ರ ಏಪ್ರಿಲ್‌ನಲ್ಲಿ ಕ್ವೆಬೆಕ್‌ನ ಸುಪೀರಿಯರ್ ಕೋರ್ಟ್ ತೀರ್ಪು ಕೊಟ್ಟಿತು: ಇದು ತಾರತಮ್ಯ, ಕೆನಡಾದ ಹಕ್ಕುಗಳ ಸನ್ನದಿಗೆ ವಿರುದ್ಧ. ‘ಸರಿಯಾಯ್ತು’ ಅಂದುಕೊಂಡೆ.

ಆದರೆ ಇನ್ನೊಂದು ಕಡೆಯವರ ಮಾತನ್ನೂ ಕೇಳಬೇಕಲ್ಲ. ಫ್ರೆಂಚ್ ದೊರೆ 1680ರಲ್ಲಿ ಕೊಟ್ಟ ಜಮೀನಿನ ಬಹುಭಾಗ ಇವತ್ತು ಅವರ ಕೈಯಲ್ಲಿಲ್ಲ. 1950ರ ದಶಕದಲ್ಲಿ ದೊಡ್ಡ ಹಡಗುಗಳಿಗೆ ದಾರಿ ಮಾಡೋಕೆ ಅಂತ ಸೇಂಟ್ ಲಾರೆನ್ಸ್ ಜಲಮಾರ್ಗ ತೋಡಿದರು. ನದಿಯ ಹೆಸರನ್ನೇ ಇಟ್ಟುಕೊಂಡ ಊರಿಗೂ ನದಿಗೂ ನಡುವೆ ಕಾಲುವೆ ಬಂತು. ಊರಿನವರ ಒಪ್ಪಿಗೆ ಇರಲಿಲ್ಲ. 1990ರಲ್ಲಿ ಪಕ್ಕದ ಇನ್ನೊಂದು ಮೋಹಾಕ್ ಊರಿನ ಪೈನ್ ಮರಗಳ ಜಾಗಕ್ಕೆ ಗಾಲ್ಫ್ ಮೈದಾನ ವಿಸ್ತರಿಸೋಕೆ ಹೊರಟಾಗ 78 ದಿನಗಳ ಬಿಕ್ಕಟ್ಟೇ ನಡೀತು. ಆಗ ಕಾನವಾಕೆಯವರು ಮಾಂಟ್ರಿಯಲ್‌ಗೆ ಹೋಗೋ ಸೇತುವೆಯನ್ನ ಬಂದ್ ಮಾಡಿ ಬೆಂಬಲಕ್ಕೆ ನಿಂತರು. ಇಷ್ಟೆಲ್ಲ ಕಳ್ಕೊಂಡ ಜನ, ‘ಉಳಿದಿರೋ ಈ ಚೂರು ನೆಲ, ಈ ಭಾಷೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತಾ’ ಅಂತ ಹೆದರಿದ್ರೆ ಅದು ಸುಳ್ಳು ಹೆದರಿಕೆ ಅಲ್ಲ. ಅವರ ಇನ್ನೊಂದು ವಾದ: ನಮ್ಮವರು ಯಾರು ಅಂತ ಹೇಳೋಕೆ ಹೊರಗಿನ ಕೋರ್ಟ್ ಯಾರು? 1876ರಲ್ಲಿ ಆಗಿದ್ದೂ ಇದೇ ಅಲ್ವಾ?

ಇಲ್ಲಿ ನನ್ನ ಅಭಿಪ್ರಾಯ ಎರಡನೇ ಸಲ ಬದಲಾಯ್ತು. ಆ ನಿಯಮ ಸರಿ ಅಂತ ನನಗೆ ಈಗಲೂ ಅನಿಸಿಲ್ಲ. ಆದರೆ ಅದನ್ನ ಸರಿಮಾಡೋ ಕೆಲಸ ಹೊರಗಿನ ಒಂದು ತೀರ್ಪಿಂದ ಮುಗಿಯಲ್ಲ ಅನಿಸಿತು. ಕೋರ್ಟ್ ಒಂದು ನಿಯಮವನ್ನ ತಪ್ಪು ಅನ್ನಬಹುದು. ಪಕ್ಕದ ಮನೆಯವರು ಮತ್ತೆ ಮಾತಾಡಿಸೋ ಹಾಗೆ ಮಾಡೋಕೆ ಕೋರ್ಟಿಗೆ ಆಗಲ್ಲ.

ಸದಸ್ಯತ್ವದ ಕಾನೂನನ್ನ ಸಮುದಾಯ ತೀರ್ಮಾನ ಪದ್ಧತಿಗೇ ತಂದರು. ವರ್ಷಗಟ್ಟಲೆ ಸಭೆ ಮೇಲೆ ಸಭೆ. ಅಲ್ಲೇ ನಿಜವಾದ ಕಗ್ಗಂಟು ಕಾಣಿಸೋದು. ಯಾರು ನಮ್ಮವರು ಅಂತ ತೀರ್ಮಾನಿಸೋ ಸಭೆಗೆ ಯಾರನ್ನ ಕರೀಬೇಕು? ನಮ್ಮವರನ್ನ. ಹಾಗಾದ್ರೆ ನಮ್ಮವರು ಯಾರು? ಅದನ್ನ ತೀರ್ಮಾನಿಸೋಕೇ ಅಲ್ವಾ ಸಭೆ! ಊರು ಬಿಟ್ಟು ಹೋಗಬೇಕಾಗಿ ಬಂದವಳಿಗೆ ಆ ಸಭೆಯಲ್ಲಿ ಕುರ್ಚಿ ಇದೆಯಾ? ಅವಳ ಮಗನಿಗೆ?

ಇನ್ನೊಂದು ಸಮಸ್ಯೆ ನಮ್ಮ ವಾಟ್ಸ್‌ಆ್ಯಪ್ ಪೋಲ್‌ನದ್ದೇ. ಸಭೆಗೆ ಬರೋರು ಕಡಿಮೆ. ಊರಿನ ಜನಸಂಖ್ಯೆಗೆ ಹೋಲಿಸಿದ್ರೆ ಬೆರಳೆಣಿಕೆ ಅನ್ನೋ ಟೀಕೆ ಮೊದಲಿಂದಲೂ ಇದೆ. ಕೆಲವರಿಗೆ ಪಾಳಿ ಕೆಲಸ. ಕೆಲವರಿಗೆ ಮನೆಯಲ್ಲಿ ಚಿಕ್ಕ ಮಕ್ಕಳು. ಉದ್ದಮನೆಯ ಕೆಲವರಿಗೆ ಇದೂ ಕೌನ್ಸಿಲ್‌ನ ಇನ್ನೊಂದು ಮುಖ. ಇನ್ನು ಕೆಲವರಿಗೆ ಹೆದರಿಕೆ: ಅತ್ತಿಗೆಯ ಮದುವೆ ಬಗ್ಗೆ, ಅಣ್ಣನ ಮಕ್ಕಳ ಬಗ್ಗೆ ಎಲ್ಲರ ಮುಂದೆ ಎದ್ದು ನಿಂತು ಏನು ಮಾತಾಡೋದು? ಚಿಕ್ಕ ಊರಲ್ಲಿ ಮೈಕ್ ಹಿಡಿಯೋದು ದೊಡ್ಡ ಊರಿಗಿಂತ ಕಷ್ಟ.

ಹಾಗಾಗಿ ನನಗೆ ಅನಿಸೋದು ಇಷ್ಟು. ‘ಬಾಗಿಲು ತೆಗೆದಿದೆ, ಬೇಕಾದವರು ಬನ್ನಿ’ ಅಂದ್ರೆ ಜನರನ್ನ ಒಳಗೊಂಡ ಹಾಗಲ್ಲ. ಯಾರು ಬಂದಿಲ್ಲ, ಯಾಕೆ ಬಂದಿಲ್ಲ ಅಂತ ಹುಡುಕಿಕೊಂಡು ಹೋಗೋದೂ ಕಾನೂನು ಮಾಡೋ ಕೆಲಸದ ಭಾಗವೇ. ಸಭೆಯಲ್ಲಿರೋ 50 ಜನ ಒಂದೇ ಮನಸ್ಸಾದ್ರೆ ಅದು ಆ 50 ಜನರ ಒಮ್ಮತ. ಅದು ಊರಿನ ಒಮ್ಮತ ಆಗಬೇಕಾದ್ರೆ ಖಾಲಿ ಕುರ್ಚಿಗಳ ಕಡೆಗೂ ನೋಡಬೇಕು. ಅದರಲ್ಲೂ ಆ ಕಾನೂನಿಂದ ಜಾಸ್ತಿ ಏಟು ಬೀಳೋದು ಯಾರಿಗೋ ಅವರ ಕುರ್ಚಿ ಮೊದಲು. 1983ರಲ್ಲಿ ಮೇರಿಯವರಿಗೆ ಒಬ್ಬರು ತಮ್ಮ ಕುರ್ಚಿ ಬಿಟ್ಟುಕೊಟ್ಟಿದ್ದಕ್ಕೆ ಅವರ ಮಾತು ಇಡೀ ದೇಶಕ್ಕೆ ಕೇಳಿಸ್ತು. ಆದರೆ ಅದು ಒಬ್ಬರ ದೊಡ್ಡತನ. ದೊಡ್ಡತನವನ್ನ ನಂಬಿಕೊಂಡು ಕಾನೂನು ಮಾಡೋಕಾಗಲ್ಲ. ಕುರ್ಚಿ ಮೊದಲೇ ಇಟ್ಟಿರಬೇಕು.

‘ಇದೆಲ್ಲ ಎಷ್ಟು ನಿಧಾನ!’ ಅಂತ ನೀವು ಕೇಳಬಹುದು. ಹೌದು, ನಿಧಾನವೇ. ಸುಸ್ತಾಗೋವಷ್ಟು ನಿಧಾನ. ಕಾಯ್ತಾ ಇರೋ ಸಂಸಾರಗಳಿಗೆ ಈ ನಿಧಾನವೇ ಒಂದು ಶಿಕ್ಷೆ, ಅದನ್ನ ಮರೆಮಾಚಬಾರದು. ಆದರೆ ಇಂಡಿಯನ್ ಕಾಯ್ದೆಯನ್ನ ಆ ಜನರನ್ನ ಒಂದು ಮಾತೂ ಕೇಳದೆ ಬರೆದರು. ಬೇಗ ಆಯ್ತು. ಅದರಲ್ಲಿನ ಒಂದು ತಪ್ಪನ್ನ ತಿದ್ದೋಕೆ 1985ರ ತನಕ, ನೂರಕ್ಕೂ ಹೆಚ್ಚು ವರ್ಷ ಬೇಕಾಯ್ತು. ಕೇಳದೆ ಮಾಡಿದ ಕಾನೂನು ಎಷ್ಟು ಬೇಗ ಆಗುತ್ತೋ, ಅದರ ಗಾಯ ಅಷ್ಟೇ ನಿಧಾನವಾಗಿ ಮಾಯುತ್ತೆ.

ಅಂದ ಹಾಗೆ, ನಮ್ಮ ಗ್ರೂಪಿನ ಟ್ರಿಪ್ ಆಮೇಲೆ ಕ್ಯಾನ್ಸಲ್ ಆಯ್ತು. ಮುಂದಿನ ಸಲ ಪೋಲ್ ಹಾಕೋಕೆ ಮುಂಚೆ ವೋಟ್ ಮಾಡದ ನಾಲ್ಕೈದು ಜನಕ್ಕೆ ಫೋನ್ ಮಾಡ್ದೆ. ಒಬ್ಬಳು ಹೇಳಿದ್ಲು, ‘ದುಡ್ಡಿರಲಿಲ್ಲ ಕಣೋ, ಗ್ರೂಪಲ್ಲಿ ಹೇಗೆ ಹೇಳ್ಲಿ?’ ಅಂತ. ಪೋಲ್‌ನಲ್ಲಿ ಆ ಆಪ್ಷನ್ನೇ ಇರಲಿಲ್ಲ.

ಇವತ್ತಿಗೆ ಇಷ್ಟು. ನಿಮ್ಮ ಹಾಸ್ಟೆಲ್‌ನಲ್ಲಿ, ಆಫೀಸಲ್ಲಿ, ಮನೆಯಲ್ಲಿ ಮುಂದಿನ ಸಲ ‘ಎಲ್ಲರೂ ಒಪ್ಪಿದ್ದಾರೆ’ ಅಂತ ಯಾರಾದ್ರೂ ಅಂದಾಗ, ಒಂದು ಸಲ ಸುತ್ತ ನೋಡಿ, ಯಾರ ಕುರ್ಚಿ ಖಾಲಿ ಇದೆ ಅಂತ. ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ. ನಮಸ್ಕಾರ.